ಶೋಕಗೃಹದಲ್ಲಿ ಶರಣಧರ್ಮ

ಮರಣಕ್ಕೆ ಅಂಜದೆ ಅದನ್ನು ಹಬ್ಬದಂತೆ ಎದುರುಗೊಳ್ಳಬೇಕೆಂದು ಶಿವಶರಣರು ಬೋಧಿಸಿದರು. ಈ ಬೋಧೆಯನ್ನು ಕೇಳದ ಲಿಂಗವಂತ ಮನೆತನವಿಲ್ಲ. ಲಿಂಗೈಕ್ಯರಾದವರಿಗೆ ಮಜ್ಜನ ಮಾಡಿಸಿ, ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ, ವಿಮಾನದಲ್ಲಿ ಕುಳ್ಳಿರಿಸಿ, ಭಜನೆಯೊಡನೆ ಕರೆದೊಯ್ದು, ಕರದಲ್ಲಿ ಇಷ್ಟಲಿಂಗವಿರಿಸಿ ಕ್ರಿಯಾಸಮಾಧಿ ಮಾಡುವ ಪದ್ಧತಿಯೇ ಅದರ ಪ್ರತ್ಯಕ್ಷ ರೂಪ. ಹೋದವರ ವಿಷಯದಲ್ಲಿ ಧರ್ಮವು ಹೀಗೆ ಸ್ಪಷ್ಟವಾಗಿದೆ. ಆದರೆ ಶಿವಗಣಾರಾಧನೆ ಮುಗಿದು, ಬಂಧುಬಳಗದವರು ತಂತಮ್ಮ ಊರಿಗೆ ಮರಳಿದ ಮೇಲೆ, ಒಳಮನೆಯಲ್ಲಿ ಒಬ್ಬಳೇ ಕುಳಿತ ತಾಯಿಗೆ ಧರ್ಮವು ಏನನ್ನು ಕೊಡುತ್ತದೆ? ಉಳಿದವರ ವಿಷಯದಲ್ಲಿ ನೆರೆಯವರ ಕರ್ತವ್ಯವೇನು? ಸದ್ಭಕ್ತರು ಇದನ್ನು ವಿಚಾರಿಸತಕ್ಕದ್ದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಊರುಗಳಲ್ಲಿ ಸಾವಾದ ಮನೆಗೆ ಹೋಗಿ ಮಾತನಾಡಿಸಿ ಬರುವ ವಾಡಿಕೆ ಇಂದಿಗೂ ಉಂಟು. ಹೋದವರು ಸಾಮಾನ್ಯವಾಗಿ ಆಡುವ ಮಾತು ಇದು: “ಅಳಬ್ಯಾಡವ್ವಾ, ಹೋದವರು ಪುಣ್ಯವಂತರು, ಶಿವನ ಪಾದಾ ಸೇರ್ಯಾರ. ನೀ ಗಟ್ಟಿಯಾಗು.” ಆಡುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವ ತಾಯಿಗೆ ತನ್ನ ಕಣ್ಣೀರೇ ಭಕ್ತಿಯ ಕೊರತೆಯೆಂದು ತೋರುತ್ತದೆ. ದುಃಖದ ಭಾರದೊಡನೆ ನಾಚಿಕೆಯ ಭಾರವನ್ನೂ ಆಕೆ ಹೊರಬೇಕಾಗುತ್ತದೆ. ಮರಣವನ್ನು ಹಬ್ಬವೆಂದ ಶರಣರು ತಮ್ಮ ಸ್ವಂತ ಮರಣವನ್ನು ಕುರಿತು ಹಾಗೆಂದರು. ಅದು ಸಾಧಕನು ತನಗೆ ತಾನೇ ಹೇಳಿಕೊಳ್ಳುವ ಧೈರ್ಯದ ನುಡಿ. ಮಗನನ್ನು ಕಳೆದುಕೊಂಡ ನೆರೆಯವಳ ಮುಂದೆ ಅದನ್ನು ಉಪದೇಶವಾಗಿ ಆಡಿದರೆ, ನುಡಿ ಅದೇ ಆದರೂ ಅದರ ಅರ್ಥ ಕೆಡುತ್ತದೆ. ತನ್ನ ಎದೆಗೆ ಕವಚವಾಗಬೇಕಾದುದನ್ನು ಅನ್ಯರ ಬಾಯಿಗೆ ಬೀಗವನ್ನಾಗಿ ಮಾಡಲಾಗದು.

ಶರಣರ ಚರಿತ್ರೆಯಲ್ಲಿ ಶೋಕಕ್ಕೆ ಎಡೆಯುಂಟೇ ಎಂದು ಶಂಕಿಸುವವರು ಹರಿಹರ ಕವಿಯ ಪ್ರಭುದೇವರ ರಗಳೆಯನ್ನು ನೆನೆಯಬೇಕು. ಆ ಕಥನದಂತೆ ಅಲ್ಲಮನು ಕಾಮಲತೆಯೆಂಬ ಚೆಲುವೆಯನ್ನು ಒಲಿದು ವರಿಸಿದನು. ಕೆಲವೇ ಕಾಲದಲ್ಲಿ ಆಕೆ ಜ್ವರದಿಂದ ತೀರಿಕೊಂಡಳು. ಅಲ್ಲಮನು ಮತಿಗೆಟ್ಟವನಂತೆ ಅಲೆದನು. ಒಂದೆಡೆ ಚಿಂತೆಯಲ್ಲಿ ಮುಳುಗಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರಲು, ಮಣ್ಣಿನೊಳಗೆ ಹೊನ್ನ ಕಳಶದ ತುದಿ ಕಂಡಿತು. ಅಗೆದು ನೋಡಿದರೆ ಹೂತುಹೋಗಿದ್ದ ಶಿವಾಲಯ. ಅದರೊಳಗೆ ಕರಸ್ಥಲದ ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮನ ಕೈಗೆ ಬಂದಿತು. 15ನೆಯ ಶತಮಾನದ ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನನ್ನು ಮಾಯೆಗೆ ಸಿಲುಕದವನನ್ನಾಗಿಯೇ ಚಿತ್ರಿಸಿದ್ದಾನೆ. ಪರಂಪರೆಗೆ ಎರಡೂ ಕಾವ್ಯಗಳು ಮಾನ್ಯ. ಆದರೂ ದುಃಖದಲ್ಲಿರುವ ಗೃಹಸ್ಥರಿಗೆ ಹರಿಹರನ ಅಲ್ಲಮನೇ ಹೆಚ್ಚು ಹತ್ತಿರದವನು. ಮುಂದೆ ಶೂನ್ಯಸಿಂಹಾಸನವನ್ನೇರಿದ ಮಹಾಜ್ಞಾನಿಗೆ ಗುರುವು ದೊರೆತದ್ದು ಆತನು ಶೋಕಿಸುತ್ತ ಕುಳಿತ ನೆಲದಲ್ಲಿಯೇ. ಆ ನೆಲವನ್ನು ಬಿಟ್ಟು ಬೇಗನೆ ಎದ್ದುಹೋಗಿದ್ದರೆ ಕಳಶವು ಕಾಣುತ್ತಿರಲಿಲ್ಲ.

ನೀಲಾಂಬಿಕೆ ತಾಯಿಯ ಬದುಕೂ ಇದನ್ನೇ ಸಾರುತ್ತದೆ. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಗಿ, ಕಲ್ಯಾಣದ ಶರಣರು ದಿಕ್ಕುದಿಕ್ಕಿಗೆ ಚದುರಿ, ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಸಂಗಯ್ಯ ಎಂಬ ಅಂಕಿತದ ನೀಲಾಂಬಿಕೆಯ ವಚನಗಳಲ್ಲಿ ಆ ಅಗಲಿಕೆ ಮತ್ತೆ ಮತ್ತೆ ಬರುತ್ತದೆ, ಬಸವಣ್ಣನವರ ಹೆಸರು ಮತ್ತೆ ಮತ್ತೆ ಕೇಳಿಸುತ್ತದೆ. ಆಕೆ ತನ್ನ ಅಳಲನ್ನು ಬಚ್ಚಿಡಲಿಲ್ಲ. ಅಳಲನ್ನು ನುಡಿಯುತ್ತ ನುಡಿಯುತ್ತಲೇ ಅರಿವಿನ ಎತ್ತರಕ್ಕೆ ಏರಿದಳು. ಆಕೆಯ ಐಕ್ಯಸ್ಥಳವೆಂದು ಪರಂಪರೆ ಹೇಳುವ ತಂಗಡಗಿಯು ಕೃಷ್ಣೆಯ ದಡದಲ್ಲಿದೆ. ಕಾಗವಾಡ, ಅಥಣಿ, ರಾಯಬಾಗಗಳ ಹೊಲಗಳನ್ನು ತೋಯಿಸಿ ಹೋಗುವ ನೀರೇ ಅಲ್ಲಿಗೂ ಹರಿಯುತ್ತದೆ.

ಈ ಸೀಮೆಯು ಸಮೀಪದ ವರ್ಷಗಳಲ್ಲಿ ಬಹಳ ಕಳೆದುಕೊಂಡಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಬಂದು ಮನೆ, ದನಕರು, ನಿಂತ ಕಬ್ಬುಗಳನ್ನು ಕೊಂಡುಹೋದವು. ಆ ಗಾಯ ಮಾಯುವ ಮೊದಲೇ ಕೊರೋನಾ ಬಂದಿತು. 2021ರ ಬೇಸಿಗೆಯ ಎರಡನೆಯ ಅಲೆಯಲ್ಲಿ ಆಸ್ಪತ್ರೆಯೊಳಗೆ ಹೋದವರ ಮುಖವನ್ನು ಮತ್ತೆ ಕಾಣದ ಮನೆಗಳೆಷ್ಟೋ. ಗಡಿಯ ಜನರಿಗೆ ಮಿರಜ, ಸಾಂಗಲಿ, ಕೊಲ್ಹಾಪುರಗಳೇ ಹತ್ತಿರದ ದೊಡ್ಡ ಆಸ್ಪತ್ರೆಗಳ ಊರುಗಳು. ಆದರೆ ನಿಪ್ಪಾಣಿಯ ಬಳಿಯ ಕೊಗನೊಳ್ಳಿ ನಾಕೆಯಲ್ಲಿ ಆಗ ತಪಾಸಣೆಯ ಕಟ್ಟು. ತಂದೆಗೆ ಮಜ್ಜನ ಮಾಡಿಸಲಾಗಲಿಲ್ಲ, ಹಣೆಗೆ ವಿಭೂತಿ ಹಚ್ಚಲಾಗಲಿಲ್ಲ, ಕೈಯಲ್ಲಿ ಲಿಂಗವಿರಿಸಲಾಗಲಿಲ್ಲ ಎಂಬ ಕೊರಗು ಅನೇಕ ಮಕ್ಕಳ ಎದೆಯಲ್ಲಿ ಇನ್ನೂ ಉಳಿದಿದೆ. ಅಂಥವರಿಗೆ ಹೇಳಬೇಕಾದುದಿಷ್ಟು: ಜೀವವಿರುವಾಗಲೇ ಅಂಗವು ಲಿಂಗದೊಡನೆ ಕೂಡಬೇಕೆಂಬುದು ಶರಣಮತದ ತಿರುಳು. ಕ್ರಿಯೆಯು ಆ ಕೂಟಕ್ಕೆ ಸಲ್ಲಿಸುವ ಗೌರವ. ಅನಿವಾರ್ಯದಿಂದ ಕ್ರಿಯೆ ತಪ್ಪಿದರೆ ಭಕ್ತನ ಐಕ್ಯ ತಪ್ಪುವುದಿಲ್ಲ. ಆದರೂ ಮಕ್ಕಳ ಕೊರಗು ನಿಜವಾದುದು. ಇಂದಾದರೂ ತಂದೆಯ ಹೆಸರಿನಲ್ಲಿ ಒಂದು ದಿನವನ್ನಿಟ್ಟುಕೊಂಡು, ಲಿಂಗಪೂಜೆ ದಾಸೋಹಗಳನ್ನು ಮಾಡಿ, ಕೂಡಿದವರೆಲ್ಲರೂ ಅವರ ವಿಷಯವಾಗಿ ಮಾತನಾಡಿದರೆ, ಅಂದು ಆಗದೆ ಉಳಿದುದು ಬಹುಮಟ್ಟಿಗೆ ಪೂರ್ತಿಯಾಗುತ್ತದೆ.

ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಲಿಂಗವಿದ್ದ ಅಂಗಕ್ಕೆ ಸೂತಕವಿಲ್ಲವೆಂಬ ಈ ತತ್ತ್ವವನ್ನು ಬಹುಜನರು ಮಡಿಮೈಲಿಗೆಯ ವಿಷಯವೆಂದು ಮಾತ್ರ ತಿಳಿಯುತ್ತಾರೆ. ಅದರೊಳಗಿನ ಕರುಣೆಯನ್ನೂ ಕಾಣಬೇಕು. ಸಾವಾದ ಮನೆ ಮೈಲಿಗೆಯಲ್ಲವೆಂದ ಮೇಲೆ ಆ ಮನೆಯಿಂದ ದೂರ ನಿಲ್ಲುವುದಕ್ಕೆ ಯಾರಿಗೂ ನೆವವಿಲ್ಲ. ಅಳುವವರನ್ನು ಮುಟ್ಟಬಹುದು, ಅವರ ಪಕ್ಕದಲ್ಲಿ ಕುಳಿತು ಉಣ್ಣಬಹುದು, ನಾಳೆಯೂ ಹೋಗಬಹುದು. ಹೀಗಿದ್ದರೂ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ಮಂಗಲಕಾರ್ಯದಲ್ಲಿ ಹಿಂದೆ ಸರಿಸುವುದು, ಮಗಳ ಕುಬಸದಲ್ಲಿ ಹೆತ್ತ ತಾಯಿಯೇ ಉಡಿ ತುಂಬದಂತೆ ತಡೆಯುವುದು ಲಿಂಗವಂತರ ಮನೆಗಳಲ್ಲಿಯೂ ಕಾಣಬರುತ್ತದೆ. ಇದು ಬಾಗಿಲಲ್ಲಿ ಬಿಟ್ಟ ಸೂತಕವನ್ನು ಹಿತ್ತಿಲಿನಿಂದ ಕರೆತಂದಂತೆ. ಆಕೆಯ ಕೊರಳಲ್ಲಿ ಲಿಂಗವಿದೆ. ಆಕೆಯನ್ನು ಅಮಂಗಲೆಯೆನ್ನುವುದು ಲಿಂಗಕ್ಕೆ ಎಸಗಿದ ಅಪಚಾರ.

ಹಾಗಾದರೆ ಮಾತನಾಡಿಸಲು ಹೋದವರು ಮಾಡಬೇಕಾದುದೇನು? ಮೊದಲು ಕೇಳಬೇಕು. “ಕಡೀ ದಿನಾ ಏನಂದರವ್ವಾ ಅವರು?” ಎಂದು ಕೇಳಿ, ಹೇಳುವಷ್ಟು ಹೊತ್ತೂ ಸುಮ್ಮನೆ ಕುಳಿತಿರಬೇಕು. ಹೇಳಲೊಲ್ಲದವರನ್ನು ಒತ್ತಾಯಿಸಬಾರದು. ಹೋದವರ ಹೆಸರನ್ನು ಎತ್ತಲು ಹಿಂಜರಿಯಬಾರದು. ಕೂಸುಗಳಿಗೆ “ಅಪ್ಪ ಊರಿಗೆ ಹೋಗ್ಯಾನ” ಎಂದು ಸುಳ್ಳಾಡದೆ, ತೀರಿಕೊಂಡದ್ದನ್ನು ಅವುಗಳಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಕೈಕೆಲಸವೂ ಸಮಾಧಾನವೇ: ಎಮ್ಮೆ ಹಿಂಡುವುದು, ಕಾರ್ಖಾನೆಗೆ ಕಬ್ಬು ಕಳಿಸುವುದು, ಬ್ಯಾಂಕಿನ ಕಾಗದಪತ್ರ ನೋಡುವುದು. ಹನ್ನೊಂದು ದಿನ ತುಂಬಿದ್ದ ಮನೆ ಹನ್ನೆರಡನೆಯ ದಿನ ಬರಿದಾಗುತ್ತದೆ. ತಿಂಗಳ ಮೇಲೆ, ಮೊದಲ ದೀಪಾವಳಿಗೆ, ವರುಷದ ದಿನಕ್ಕೆ ಹೋಗುವವರೇ ನಿಜವಾದ ಬಂಧುಗಳು. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಶಿವಭಕ್ತರಿಗೆ ಸೇವಕನಾಗಿ ನಡೆಯುವುದು. ದುಃಖಿತರ ಮಾತಿಗೆ ಕಿವಿಗೊಡುವುದು ಅದರಲ್ಲಿಯೇ ಸೇರಿದೆ. ಅನ್ನದ ದಾಸೋಹದಂತೆ ಕಿವಿಯ ದಾಸೋಹವೂ ಉಂಟು.

ಇಂದು ಆಪ್ತಸಮಾಲೋಚನೆಯೆಂದು ಕರೆಯುವ ವಿದ್ಯೆಯು ಈ ಕೆಲಸವನ್ನೇ ಶಾಸ್ತ್ರೀಯವಾಗಿ ಮಾಡುತ್ತದೆ. ವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅಮೇರಿಕೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಮನಸ್ಸಿನ ಐದು ಅವಸ್ಥೆಗಳನ್ನು ವಿವರಿಸಿದರು. ಮುಂದೆ ಜನರು ಅದೇ ಅಳತೆಗೋಲಿನಿಂದ ಉಳಿದವರ ದುಃಖವನ್ನೂ ಅಳೆಯತೊಡಗಿದರು. ದುಃಖವು ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲವೆಂದು ಬಲ್ಲವರು ಈಗ ಹೇಳುತ್ತಾರೆ. ಸಾಯುವವರ ಮಾತನ್ನು ಉಳಿದವರಿಗೆ ಹೊರಿಸುವ ತಪ್ಪು ಅಲ್ಲಿಯೂ ನಡೆದಿತ್ತು. ಆದರೆ ಆರು ತಿಂಗಳು ಕಳೆದ ಮೇಲೂ ದುಃಖವು ಕಿಂಚಿತ್ತೂ ಸಡಿಲದೆ ನಿತ್ಯದ ಬದುಕನ್ನೇ ನಿಲ್ಲಿಸಿದರೆ, ಅದಕ್ಕೆ ಚಿಕಿತ್ಸೆ ಬೇಕಾಗಬಹುದು; 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದು ಸೇರಿದೆ. ಮನೋವೈದ್ಯವನ್ನು ಹಳ್ಳಿಗರ ಬಳಿಗೆ ಒಯ್ಯುವ ಪ್ರಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಬೇಡವೆಂಬ ಮಾತು ದುಃಖಿತರ ಬಾಯಲ್ಲಿ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಜ್ವರಕ್ಕೆ ಔಷಧ ಕೊಂಡರೆ ಲಿಂಗನಿಷ್ಠೆ ಕೆಡದು. ಮನದ ನೋವಿಗೆ ಕೊಂಡರೂ ಕೆಡದು.

ಶೋಕದಲ್ಲಿರುವ ಭಕ್ತರು ನಿತ್ಯದ ಇಷ್ಟಲಿಂಗಪೂಜೆಯನ್ನು ಆದಷ್ಟು ನಡೆಸುವುದು ಹಿತ. ಹಿಡಿದ ಕೈ ಬಿಟ್ಟುಹೋದಾಗ ಬರಿದಾದ ಅಂಗೈಯಲ್ಲಿ ಲಿಂಗವು ಕುಳಿತಿರುತ್ತದೆ. ದೃಷ್ಟಿ ಅಲ್ಲಿ ನೆಲೆಸಿದಂತೆ ಉಸಿರೂ ನೆಲೆಗೊಳ್ಳುತ್ತದೆ. ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳು (1836-1921) ಆಚರಿಸಿ ತೋರಿದ ಮಾರ್ಗವೂ ಈ ಲಿಂಗಪೂಜೆಯದೇ. ಪೂಜೆಗೆ ಕುಳಿತಾಗ ಕಣ್ಣು ತುಂಬಿ ಮಂತ್ರ ನಿಂತುಹೋದರೆ ಅಳುಕಬೇಕಾಗಿಲ್ಲ. ಅಂದಿನ ಮಜ್ಜನಕ್ಕೆ ಆ ಕಣ್ಣೀರೇ ಅಗ್ಘವಣಿಯಾಗಲಿ. ಶಿವನು ಅದನ್ನು ಒಲ್ಲೆನೆನ್ನನು.