ಇಂದಿನ ಧಮ್ಮ ಚಿಂತನೆ: ಎದೆನೋವು ಹಣೆಬರಹವಲ್ಲ





ಯಾರಾದರೂ ಹೃದಯಾಘಾತದಿಂದ ತೀರಿಕೊಂಡರೆ "ಆಯಸ್ಸು ಅಷ್ಟೇ ಇತ್ತು", "ಪೂರ್ವಜನ್ಮದ ಕರ್ಮ" ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ದೀಕ್ಷೆ ಪಡೆದ ಮನೆಗಳಲ್ಲೂ ಕೇಳಿಬರುತ್ತದೆ.

ಮೋಳಿಯ ಸೀವಕ ಎಂಬ ಪರಿವ್ರಾಜಕ ಭಗವಾನ್ ಬುದ್ಧರನ್ನು ಇದನ್ನೇ ಕೇಳಿದ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ ಕರ್ಮದ ಫಲವೇ? ಬುದ್ಧರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಈ ಮೂರರ ಕೂಡುವಿಕೆ, ಋತುವಿನ ಬದಲಾವಣೆ, ಎಚ್ಚರವಿಲ್ಲದ ನಡವಳಿಕೆ, ಪೆಟ್ಟು ಇವುಗಳಿಂದಲೂ ನೋವು ಹುಟ್ಟುತ್ತದೆ. ಎಂಟು ಕಾರಣಗಳಲ್ಲಿ ಕರ್ಮ ಒಂದು ಮಾತ್ರ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ ಇದು ಇದೆ. ಪೂರ್ವಜನ್ಮದ ಕರ್ಮದ ಮಾತು ಬಡವರ ಸ್ಥಿತಿಗೆ ಸಮಾಜ ತನ್ನ ಹೊಣೆ ತಪ್ಪಿಸಿಕೊಳ್ಳುವ ದಾರಿ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಎಚ್ಚರಿಸಿದ್ದಾರೆ.

ಹಾಗಾದರೆ ಹೃದಯಾಘಾತದ ಕಾರಣವೇನು? ಹೃದಯಕ್ಕೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡುತ್ತದೆ. ಒಂದು ದಿನ ಆ ಪದರ ಬಿರಿಯುತ್ತದೆ. ಕೈ ಕೊಯ್ದಾಗ ಆಗುವಂತೆಯೇ ಅಲ್ಲಿಯೂ ರಕ್ತ ಹೆಪ್ಪುಗಟ್ಟುತ್ತದೆ. ಗಾಯ ಮುಚ್ಚಲು ಬಂದ ಹೆಪ್ಪು ನಾಳವನ್ನೇ ಮುಚ್ಚುತ್ತದೆ. ಆಮ್ಲಜನಕ ಸಿಗದೆ ಹೃದಯದ ಸ್ನಾಯು ಸಾಯತೊಡಗುತ್ತದೆ. ತಡವಾದಷ್ಟೂ ನಷ್ಟ ಹೆಚ್ಚು.

ಬೀಡಿ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಇದಕ್ಕೆ ದಾರಿ ಮಾಡಿಕೊಡುತ್ತವೆ. ದುಃಖವಿದೆ, ಕಾರಣವಿದೆ, ನಿವಾರಣೆಯಿದೆ, ಮಾರ್ಗವಿದೆ. ದಿನವೂ ನಾವು ನೆನೆಯುವ ನಾಲ್ಕು ಆರ್ಯಸತ್ಯಗಳು ಇಲ್ಲಿಯೂ ದಾರಿ ತೋರುತ್ತವೆ.

ಎದೆ ಹಿಂಡಿದಂತಾದರೆ, ನೋವು ಕೈಗೆ, ದವಡೆಗೆ ಹರಡಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. ಹೆಣ್ಣುಮಕ್ಕಳಲ್ಲಿ ಬರೀ ಸುಸ್ತು, ವಾಕರಿಕೆಯಾಗಿಯೂ ಕಾಣಿಸಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಇದು ಭಿಕ್ಷೆಯಲ್ಲ, ನಮ್ಮ ಹಕ್ಕು. ನಿಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ಇಂದೇ ಕೇಳಿ ತಿಳಿದಿಟ್ಟುಕೊಳ್ಳಿ.

ಇಂದಿನ ಸಂಕಲ್ಪ: ಮನೆಯ ಹಿರಿಯರೊಬ್ಬರ ಬಿಪಿ, ಶುಗರ್ ಪರೀಕ್ಷೆ ಮಾಡಿಸೋಣ. ಬೀಡಿ ಸೇದುವ ಒಬ್ಬ ಬಂಧುವಿನ ಜೊತೆ ಕೂತು ಪ್ರೀತಿಯಿಂದ ಮಾತನಾಡೋಣ. ಅದೂ ಮೈತ್ರಿಯೇ.

ಭವತು ಸಬ್ಬ ಮಂಗಲಂ 🙏