ನೋವಾಗುವುದಿಲ್ಲವೆಂಬ ಮಾತು

ದೊಡವಾಡದ ಕಡೆ ಪಂಚಮಿ ಬಂತೆಂದರೆ ಗಿಡಗಿಡಕ್ಕೆ ಜೋಕಾಲಿ ಕಟ್ಟುತ್ತಾರೆ. ಆ ವಾರ ನಮ್ಮ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮುರಿದ ಕೈಗಳಿಗೆ ಕೊರತೆಯಿರುವುದಿಲ್ಲ. ಬಣವಿಯಿಂದ ಜಾರಿದವರು, ಚಕ್ಕಡಿಯಿಂದ ಉರುಳಿದವರು ವರ್ಷವಿಡೀ ಇದ್ದೇ ಇರುತ್ತಾರೆ.

ಎಲುಬಿನ ವಿಷಯದಲ್ಲಿ ನಿಸರ್ಗ ಮಕ್ಕಳಿಗೆ ಉದಾರಿ. ಎಷ್ಟೋ ಸಲ ಅದು ಹಸಿ ಕೊಂಬೆಯಂತೆ ಅರ್ಧ ಸೀಳಿ ಅರ್ಧ ಬಾಗಿ ನಿಲ್ಲುತ್ತದೆ. ತುಸು ಸೊಟ್ಟಗೆ ಕೂಡಿದರೂ ಬೆಳೆಯುತ್ತ ನೆಟ್ಟಗಾಗುವುದುಂಟು. ನನ್ನನ್ನು ಕಾಡುವುದು ಎಲುಬಲ್ಲ, ಅದನ್ನು ಕೂಡಿಸುವ ಮೊದಲು ನಾವು ಆಡುವ ಮಾತು. "ಏನೂ ಆಗೂದಿಲ್ಲೋ ತಮ್ಮಾ, ಡಾಕ್ಟರು ಸುಮ್ಮ ಕೈ ನೋಡತಾರ ಅಷ್ಟ." ತಾಯಿ ಹೇಳುತ್ತಾಳೆ, ಅಜ್ಜ ಹೇಳುತ್ತಾನೆ, ದಾದಿಯೂ ಹೇಳುತ್ತಾಳೆ. ಶಾಲೆಯಲ್ಲಿ ಪುಣ್ಯಕೋಟಿಯ ಕತೆ ಕಲಿತ ಹುಡುಗ ನಂಬಿ ಕೈ ಚಾಚುತ್ತಾನೆ.

ಈ ಸುಳ್ಳು ತಪ್ಪೆ? ಗೆಳೆಯನನ್ನು ಕೊಲ್ಲಲು ಹುಡುಕಿ ಬಂದವನಿಗೂ ಸುಳ್ಳು ಹೇಳಬಾರದೆಂದು ಜರ್ಮನಿಯ ಕಾಂಟ್ 1797ರಲ್ಲಿ ವಾದಿಸಿದ. ಅಷ್ಟು ಕಟ್ಟುನಿಟ್ಟು ನನಗೆ ಒಗ್ಗದು. ಅಳುವ ಕೂಸಿನೆದುರು ತಾಯಿಯ ಬಾಯಿಂದ ಬಿದ್ದ ಮಾತನ್ನು ತಕ್ಕಡಿಗೆ ಹಾಕುವವನು ನಾನಲ್ಲ. ಆದರೆ ವೈದ್ಯನ ಸುಳ್ಳು ಬೇರೆ. ಅದು ಹುಡುಗನ ಸಮಾಧಾನಕ್ಕಿಂತ ನಮ್ಮ ಅನುಕೂಲಕ್ಕೆ ಹುಟ್ಟಿದ್ದು. ಅವನು ಕೊಸರಾಡದಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಹೊರಗೆ ಇನ್ನೂ ಹತ್ತು ಜನ ಕಾದಿರುತ್ತಾರೆ.

ಇಂದು ಕೆಟಮಿನ್‌ನಂಥ ಔಷಧಿ ಇದೆ; ಹುಡುಗ ಕಣ್ಣು ತೆರೆದುಕೊಂಡೇ ನೋವಿನಾಚೆ ಹೋಗಿರುತ್ತಾನೆ. ಇನ್ನು ಸುಳ್ಳೇಕೆ ಬೇಕು ಎನ್ನಬಹುದು. ಸೂಜಿಯಂತೂ ಉಳಿಯಿತು. ಅದಿರಲಿ, ನಿಜವಾದ ಪರೀಕ್ಷೆ ಪಟ್ಟಿ ಹಾಕಿದ ಮೇಲಿನದು.

ಕಟ್ಟು ಬಿದಿರ ದಬ್ಬೆಯದಿರಲಿ, ಪ್ಲಾಸ್ಟರಿನದಿರಲಿ, ಬಿಗಿಯಾದರೆ ಒಳಗೆ ಬಾತ ಸ್ನಾಯುವಿಗೆ ರಕ್ತ ಸಾಲದು. ಕೆಲವೇ ತಾಸುಗಳಲ್ಲಿ ಅದು ಸಾಯುತ್ತದೆ. ಬೆರಳುಗಳು ಕೊಕ್ಕೆಯಂತೆ ಮಡಚಿ ಜನ್ಮವಿಡೀ ಹಾಗೆಯೇ ಉಳಿಯಬಹುದು. ಫೋಲ್ಕ್‌ಮನ್ ಎಂಬ ಜರ್ಮನ್ ಶಸ್ತ್ರವೈದ್ಯ 1881ರಲ್ಲಿ ಇದನ್ನು ವಿವರಿಸಿದ. ಮೊದಲ ಸೂಚನೆ ನೋವು. ಅದರಲ್ಲೂ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ ಹೆಚ್ಚುವ ನೋವು. ನಾಡಿ ಸಿಕ್ಕಿತೆಂದು ನಿಶ್ಚಿಂತನಾಗುವಂತಿಲ್ಲ. ಆಗ ನಾನು ನೆಚ್ಚಬೇಕಾದದ್ದು ಆರು ವರ್ಷದವನ ಬಾಯಿಮಾತನ್ನು. "ನೋವು ಹೆಚ್ಚಾಗೇತೇನೋ?" ಎಂದು ಕೇಳುತ್ತೇನೆ. ಹೌದೆಂದರೆ ಮತ್ತೆ ಕೈ ಎಳೆದಾರೆಂದು ಹೆದರಿ ಅವನು ಇಲ್ಲವೆಂದು ತಲೆಯಾಡಿಸಿದರೆ? ಆ ಪಾಠವನ್ನು ತಾಸಿನ ಹಿಂದೆ ಹೇಳಿಕೊಟ್ಟವರು ಯಾರು?

ಅದಕ್ಕೇ ನಾನು ಹೇಳುವುದಿಷ್ಟು: "ಸೂಜಿ ಚುಚ್ಚತೈತಿ. ಹತ್ತು ಎಣಸೂದರಾಗ ಮುಗೀತೈತಿ. ಅಳಬೇಕನಿಸಿದ್ರ ಅಳು, ಕೈ ಮಾತ್ರ ಅಲುಗಾಡಿಸಬ್ಯಾಡ." ಅವನು ಅಳುತ್ತಾನೆ. ಕೂಸಿನೆದುರು ಇದೆಂಥ ಮಾತೆಂದು ಅಜ್ಜನಿಗೆ ನನ್ನ ಮೇಲೆ ಸಿಟ್ಟು. ಆದರೆ ರಾತ್ರಿ ಕಟ್ಟು ಬಿಗಿದಂತಾದರೆ ಹುಡುಗ ಎಬ್ಬಿಸಿ ಹೇಳಬೇಕಾದದ್ದು ಆ ಅಜ್ಜನಿಗೇ.