ಯಂತ್ರವು ಬರೆದ ಪಾಠ, ಗುರುವು ಹೊರುವ ಹೊಣೆ

ಅನ್ಯರು ರಚಿಸಿದ ಮಾತನ್ನು ತನ್ನ ಬಾಯಿಂದ ನುಡಿದು ಇನ್ನೊಬ್ಬನನ್ನು ನಡೆಯಿಸುವವನು ಆ ಮಾತಿಗೆ ಎಷ್ಟರಮಟ್ಟಿಗೆ ಹೊಣೆಗಾರನು? ಈ ಪ್ರಶ್ನೆಯು ಹೊಸದಲ್ಲ. ಗ್ರಂಥವನ್ನು ನೋಡಿ ಮದ್ದು ಕೊಡುವ ವೈದ್ಯನಿಗೂ, ಪಂಚಾಂಗವನ್ನು ನೋಡಿ ಮುಹೂರ್ತವಿಡುವ ಜೋಯಿಸನಿಗೂ, ಪಠ್ಯಪುಸ್ತಕವನ್ನು ಹಿಡಿದು ಪಾಠ ಹೇಳುವ ನಮ್ಮಂಥ ಉಪಾಧ್ಯಾಯರಿಗೂ ಇದು ಎಂದಿನಿಂದಲೂ ಅನ್ವಯಿಸತಕ್ಕದ್ದೇ. ಆದರೆ ಮೂವತ್ತೈದು ವರ್ಷ ಮೇಷ್ಟ್ರಾಗಿದ್ದಾಗ ನಾನು ನೆಟ್ಟಗೆ ಎದುರಿಸದೆ ಬಿಟ್ಟಿದ್ದ ಈ ಪ್ರಶ್ನೆಯು, ಈ ಇಳಿವಯಸ್ಸಿನಲ್ಲಿ, ನಮ್ಮೂರ ಒಂದು ವ್ಯಾಯಾಮಶಾಲೆಯಲ್ಲಿ ನನ್ನ ಮುಂದೆ ಬಂದು ನಿಂತಿತು. ಅದನ್ನು ವಾಚಕ ಮಹಾಶಯರೊಡನೆ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಬರೆದಿರುವೆನು.

ನನಗೀಗ ಅರವತ್ತೇಳು ವರ್ಷ. ರಕ್ತದ ಒತ್ತಡವಿರುವುದು, ಮೊಣಕಾಲು ನೋವೂ ಉಂಟು. ಬರಿಯ ನಡಿಗೆ ಸಾಲದು, ಮಾಂಸಖಂಡಗಳಿಗೆ ಬಲ ಬರುವ ವ್ಯಾಯಾಮವೂ ಬೇಕೆಂದು ವೈದ್ಯರು ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳೂ ಹೀಗೆಯೇ ಇವೆ: ಅರವತ್ತೈದು ದಾಟಿದವರು ವಾರಕ್ಕೆ 150 ನಿಮಿಷಗಳಿಗೆ ಕಡಮೆಯಿಲ್ಲದಂತೆ ಮಧ್ಯಮ ಪರಿಶ್ರಮ ಮಾಡಬೇಕು, ಎರಡು ದಿನವಾದರೂ ಬಲವರ್ಧನೆಯ ವ್ಯಾಯಾಮ ಮಾಡಬೇಕು, ಬೀಳದಂತೆ ಸಮತೋಲವನ್ನು ಕಾಪಾಡುವ ಅಭ್ಯಾಸವನ್ನು ಮೂರು ದಿನ ಮಾಡಬೇಕು. ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಜಿಮ್ಮಿಗೆ ಹೋದೆನು. ಅಲ್ಲಿನ ಶಿಕ್ಷಕನು ಇಪ್ಪತ್ತಾರು ವರ್ಷದ ಹುಡುಗ; ನಯವಂತ. ನನ್ನ ವಯಸ್ಸು, ತೂಕ, ಎತ್ತರ, ಮೊಣಕಾಲಿನ ನೋವು ಇವನ್ನೆಲ್ಲ ಕೇಳಿ ತನ್ನ ಫೋನಿನಲ್ಲಿ ಬರೆದುಕೊಂಡನು. ನಾನು ಪಾದರಕ್ಷೆಯ ಲಾಡಿಯನ್ನು ಕಟ್ಟಿಕೊಂಡು ಏಳುವಷ್ಟರಲ್ಲಿ ಹನ್ನೆರಡು ವಾರಗಳ ವ್ಯಾಯಾಮದ ಪಟ್ಟಿಯು ಸಿದ್ಧವಾಗಿತ್ತು.

“ಇಷ್ಟನ್ನು ಇಷ್ಟು ಬೇಗ ಹೇಗೆ ಬರೆದೆಯಪ್ಪಾ?” ಎಂದೆನು.

“ನಾನು ಬರೆದದ್ದಲ್ಲ ಸಾರ್, ಎ.ಐ. ಬರೆದದ್ದು. ನಾನು ನೋಡಿ ತಿದ್ದುತ್ತೇನೆ” ಎಂದನು.

ಅವನು ಸತ್ಯವನ್ನು ಮರೆಮಾಚಲಿಲ್ಲವೆಂಬುದು ನನಗೆ ಹಿಡಿಸಿತು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ, ಹಣವನ್ನು ಇವನಿಗೆ ಕೊಟ್ಟು ಪಾಠವನ್ನು ಯಂತ್ರದಿಂದ ಪಡೆಯುವುದು ಯಾವ ನ್ಯಾಯ ಎಂಬ ಅಸಮಾಧಾನವೂ ಹುಟ್ಟಿತು.

ಪಟ್ಟಿಯಲ್ಲಿ, ಟ್ರೆಡ್‌ಮಿಲ್ಲಿನ ಮೇಲೆ ನಡೆಯುವಾಗ ನಾಡಿಯು ನಿಮಿಷಕ್ಕೆ 115ರಿಂದ 130ರವರೆಗೆ ಏರಬೇಕೆಂದಿತ್ತು. ಇದರ ಗಣಿತವು ಸುಲಭವಾದದ್ದು. 220ರಲ್ಲಿ ವಯಸ್ಸನ್ನು ಕಳೆದರೆ ನಾಡಿಯ ಪರಮಾವಧಿ, ನನಗೆ 153. ಅದರಲ್ಲಿ ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತೈದು ಪಾಲು ಎಂದರೆ ಆ ಸಂಖ್ಯೆಗಳು. ಎರಡನೆಯ ವಾರದಲ್ಲಿ ಒಂದು ದಿನ ನಾನು ಎಷ್ಟು ವೇಗವಾಗಿ ನಡೆದರೂ ಯಂತ್ರದ ಮುಖದಲ್ಲಿ ನಾಡಿಯು 98ನ್ನು ಮೀರಲಿಲ್ಲ. ನನ್ನ ಸೋಮಾರಿತನವೇ ಇದಕ್ಕೆ ಕಾರಣವೆಂದು ಬಗೆದು, ವೇಗವನ್ನು ಹೆಚ್ಚಿಸಿದೆನು. ಆ ಶಿಕ್ಷಕನು ಅತ್ತ ಮತ್ತೊಬ್ಬರಿಗೆ ಕಲಿಸುತ್ತಿದ್ದವನು ನನ್ನ ಕಡೆ ನೋಡಿ, ಬಳಿಗೆ ಬಂದು, “ಸಾರ್, ನಿಮ್ಮ ಊರು ಯಾವುದು, ಒಂದು ಸಲ ಹೇಳಿ” ಎಂದನು. ಹೇಳಲು ಬಾಯಿ ತೆರೆದರೆ ಉಸಿರು ಮಾತ್ರ ಬಂದಿತು. ಕೂಡಲೆ ಯಂತ್ರವನ್ನು ನಿಲ್ಲಿಸಿ ನನ್ನನ್ನು ಕುಳ್ಳಿರಿಸಿ, “ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದನು. ಮಾತ್ರೆಯ ಹೆಸರನ್ನು ಹೇಳಿದೆನು. ಅದು ಬೀಟಾ ಬ್ಲಾಕರ್ ಎಂಬ ವರ್ಗಕ್ಕೆ ಸೇರಿದ್ದು. ನಾಡಿಯ ವೇಗವನ್ನು ಏರಗೊಡದಂತೆ ತಡೆಹಿಡಿಯುವುದೇ ಅದರ ಗುಣ. ಅದನ್ನು ಸೇವಿಸುವವನ ನಾಡಿಯು ಪಟ್ಟಿಯ ಸಂಖ್ಯೆಯನ್ನು ಮುಟ್ಟದೆಯೇ ದೇಹವು ದಣಿದುಹೋಗಬಹುದು.

ಆಗ ಅವನು ಆಡಿದ ಮಾತು ಇದು: “ತಪ್ಪು ನನ್ನದು ಸಾರ್. ಮೊದಲ ದಿನವೇ ಕೇಳಬೇಕಾಗಿತ್ತು.”

ಯಂತ್ರವು ಹಾಗೆ ಬರೆದಿತ್ತು ಎಂದು ಅವನು ಹೇಳಬಹುದಾಗಿತ್ತು, ಹೇಳಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬಾರದೆ ಹೋದುದಕ್ಕೆ ದಣಿವು ಕಾರಣವಲ್ಲ, ಈ ಮಾತೇ ಕಾರಣ. ಅದು ಹೇಗೆಂಬುದನ್ನು ಹೇಳಿಬಿಡುವೆನು.

1991ರಲ್ಲಿ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತಿದ್ದೆನು. ಡ್ರಿಲ್ ಮೇಷ್ಟ್ರು ರಜೆಯ ಮೇಲೆ ಹೋದಾಗ ಅವರ ತರಗತಿಯು ನನ್ನ ಪಾಲಿಗೆ ಬಂದಿತು. ಅಚ್ಚಾದ ಒಂದು ಕೈಪಿಡಿಯಿತ್ತು. ಯಾವ ತರಗತಿಗೆ ಎಷ್ಟು ಸುತ್ತು ಓಟ, ಎಷ್ಟು ಬಸ್ಕಿ ಎಂದು ಅದರಲ್ಲಿ ಕ್ರಮವಾಗಿ ಬರೆದಿತ್ತು. ನಾನು ಮರದ ನೆರಳಿನಲ್ಲಿ ನಿಂತು ಅದನ್ನು ಓದಿ ಹೇಳಿದೆನು; ಹುಡುಗರು ಓಡಿದರು. ನಾಲ್ಕನೆಯ ಸುತ್ತಿನಲ್ಲಿ ಒಬ್ಬ ಹುಡುಗನು ಕುಸಿದು ಬಿದ್ದನು. ಹಣೆಯು ಕಲ್ಲಿಗೆ ತಾಗಿ ಒಡೆಯಿತು. ಅವನು ಜ್ವರದಿಂದ ಎದ್ದು ಎರಡೇ ದಿನವಾಗಿತ್ತೆಂದೂ, ಅಂದು ಬೆಳಗ್ಗೆ ಏನನ್ನೂ ತಿನ್ನದೆ ದೂರದ ಹಳ್ಳಿಯಿಂದ ನಡೆದು ಬಂದಿದ್ದನೆಂದೂ ಆಮೇಲೆ ತಿಳಿಯಿತು. ಮುಖ್ಯೋಪಾಧ್ಯಾಯರು ವಿಚಾರಿಸಿದಾಗ ನಾನು, “ಪುಸ್ತಕದಲ್ಲಿದ್ದಂತೆಯೇ ಮಾಡಿಸಿದೆನು” ಎಂದೆನು. ಆ ಮಾತು ನಿಜವಾಗಿತ್ತು. ನನ್ನ ಮೇಲೆ ಯಾವ ಆಕ್ಷೇಪವೂ ಬರಲಿಲ್ಲ. ಹುಡುಗನ ಹಣೆಯ ಮೇಲಿನ ಕಲೆ ಮಾತ್ರ ಉಳಿಯಿತು.

ಆದುದರಿಂದ, ಯಂತ್ರವು ಬಂದುದರಿಂದಲೇ ಗುರುತ್ವವು ಕೆಟ್ಟಿತೆಂದು ದೂರುವ ಅಧಿಕಾರವು ನನಗಿಲ್ಲ. ಪಟ್ಟಿಯನ್ನು ಓದಿ ಮನುಷ್ಯನನ್ನು ಓದದಿರುವ ದೋಷವು ಯಂತ್ರಕ್ಕಿಂತ ಹಳೆಯದು.

ಇನ್ನು ಪೂರ್ವಪಕ್ಷವನ್ನು ವಿಚಾರಿಸೋಣ. 2022ನೆಯ ಇಸವಿಯ ನವೆಂಬರಿನಲ್ಲಿ ಚಾಟ್ ಜಿ.ಪಿ.ಟಿ. ಎಂಬುದನ್ನು ಸಾರ್ವಜನಿಕರಿಗೆ ತೆರೆದಂದಿನಿಂದ ಇಂಥ ಯಂತ್ರಗಳು ಎಲ್ಲರ ಕೈಗೂ ಬಂದಿರುವುವು. ಅಪಾರವಾದ ಲಿಖಿತರಾಶಿಯನ್ನು ಅರೆದು ಕುಡಿದ ಯಂತ್ರವು ಇಪ್ಪತ್ತಾರರ ಹುಡುಗನಿಗಿಂತ ಹೆಚ್ಚು ಬಲ್ಲುದಲ್ಲವೆ? ಹಿಂದೆ ಎಷ್ಟೋ ಜಿಮ್ಮುಗಳಲ್ಲಿ ಒಂದೇ ಹಾಳೆಯನ್ನು ಗೋಡೆಗೆ ಅಂಟಿಸಿ ಎಲ್ಲರಿಂದಲೂ ಅದನ್ನೇ ಮಾಡಿಸುತ್ತಿದ್ದರು. ಯಂತ್ರವಾದರೋ ವಯಸ್ಸು, ತೂಕ, ನೋವು ಇವುಗಳಿಗೆ ತಕ್ಕಂತೆ ಬೇರೆ ಬೇರೆಯಾಗಿ ಬರೆಯುವುದು. ಮದ್ದು ಹಿತವಾದರೆ ಸಾಕು, ಅರೆದವರು ಯಾರಾದರೇನು? ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ದೂರದಿಂದ ಬಂದ ಬರೆಹವನ್ನು ನಂಬಿ ಮೈ ಪಳಗಿಸುವುದು ನಮ್ಮ ನಾಡಿಗೂ ಹೊಸದಲ್ಲ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನಲ್ಲಿ ಪ್ರಸಿದ್ಧವಾದ ವ್ಯಾಯಾಮಶಾಲೆಯನ್ನು ನಡೆಯಿಸಿದ ಕೆ. ವಿ. ಅಯ್ಯರ್ ಅವರು, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳೆಂದು ನಮ್ಮ ವಾಚಕರಿಗೆ ಪರಿಚಿತರು, ಅಂಚೆಯ ಮೂಲಕವೂ ವ್ಯಾಯಾಮವನ್ನು ಕಲಿಸುತ್ತಿದ್ದರು. ಆದರೆ ಆ ಕಾಗದದ ಹಿಂದೆ ಸ್ವತಃ ಮೈಯನ್ನು ದಂಡಿಸಿ ತಿಳಿದ, ತನ್ನ ಹೆಸರನ್ನು ಪಣವಾಗಿಟ್ಟ ಒಬ್ಬ ಮನುಷ್ಯನಿದ್ದನೆಂಬುದನ್ನು ಮರೆಯಬಾರದು.

ಇಲ್ಲಿ ನಮ್ಮ ತರ್ಕಶಾಸ್ತ್ರವು ಮಾಡಿರುವ ಒಂದು ವಿವೇಚನೆಯು ಉಪಯುಕ್ತವಾಗಿರುವುದು. ಶಬ್ದವು ಪ್ರಮಾಣವಾಗಬೇಕಾದರೆ ಅದನ್ನು ಆಡುವವನು ಆಪ್ತನಾಗಿರಬೇಕೆಂದು ನೈಯಾಯಿಕರ ಮತ. ಆಪ್ತನು ಯಾರು? ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯದಲ್ಲಿ, ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಹೇಳಿರುವುದು ಗಮನಾರ್ಹವಾಗಿದೆ. ಹಾಗಾದರೆ ಮಾತಾಡುವವರ ಹುಟ್ಟು ಯಾವುದೆಂಬುದು ಇಲ್ಲಿ ಮುಖ್ಯವಲ್ಲ; ಯಂತ್ರವೆಂಬ ಕಾರಣದಿಂದಲೇ ಅದರ ಮಾತನ್ನು ತಳ್ಳಿಹಾಕುವುದು ಶಾಸ್ತ್ರಸಮ್ಮತವಾಗಲಾರದು. ಆದರೆ ಆ ಎರಡು ಲಕ್ಷಣಗಳು ಅದರಲ್ಲಿವೆಯೆ? ಒಂದು ಪದದ ಬಳಿಕ ಯಾವ ಪದವು ಬರುವುದು ಸಂಭಾವ್ಯವೆಂದು ಕಲಿತು ವಾಕ್ಯವನ್ನು ಹೆಣೆಯುವುದು ಅದರ ಕ್ರಮ. ಮೊಣಕಾಲು ನೋವಿನ ವಿಷಯವಾಗಿ ಬರೆದುದನ್ನು ಅದು ಕಂಡಿದೆ; ಮೊಣಕಾಲನ್ನು ಕಂಡಿಲ್ಲ. ನನಗೆ ಹಿತವಾಗಲೆಂಬ ಇಚ್ಛೆಯೂ ಅದಕ್ಕಿರುವುದೆಂದು ಹೇಳಲು ಆಧಾರವಿಲ್ಲ. ಆದ್ದರಿಂದ ಅದರ ಪಟ್ಟಿಯು ತಾನಾಗಿಯೇ ಆಪ್ತವಾಕ್ಯವಲ್ಲ. ನನ್ನನ್ನು ಕಣ್ಣಾರೆ ಕಂಡು ನನ್ನ ಹಿತವನ್ನು ಬಯಸುವ ಒಬ್ಬನು ಅದನ್ನು ಪರೀಕ್ಷಿಸಿ, ‘ಇದು ನನ್ನ ಮಾತು’ ಎಂದು ಅಂಗೀಕರಿಸಿದಾಗ ಆಪ್ತವಾಕ್ಯವಾಗುವುದು. ರಚಿಸಿದವರು ಯಾರೇ ಇರಲಿ, ಅಂಗೀಕರಿಸಿದವನೇ ಅದರ ವಕ್ತೃ.

ಅಂಗೀಕರಿಸುವುದೆಂದರೆ ಕೆಳಗೆ ಸಹಿ ಮಾಡುವುದಲ್ಲ. ವ್ಯಾಯಾಮದ ವಿಷಯದಲ್ಲಿ ಲಕ್ಷಣವು ದೇಹದಲ್ಲಿಯೇ ಕಾಣಬೇಕೆಂಬುದನ್ನು ಪೂರ್ವಿಕರೂ ಬಲ್ಲರು, ನವೀನರೂ ಬಲ್ಲರು. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವುಗಳನ್ನೆಲ್ಲ ನೋಡಿಯೇ ವ್ಯಾಯಾಮವನ್ನು ಮಾಡತಕ್ಕದ್ದೆಂದೂ, ಅರ್ಧಬಲಕ್ಕೆ ನಿಲ್ಲಿಸತಕ್ಕದ್ದೆಂದೂ ಸುಶ್ರುತಸಂಹಿತೆಯ ಉಪದೇಶ. ಅರ್ಧಬಲವಾಯಿತೆಂದು ತಿಳಿಯುವುದು ಹೇಗೆ? ಅದಕ್ಕೆ ಸುಶ್ರುತನು ಸಂಖ್ಯೆಯನ್ನು ಹೇಳದೆ, ಉಸಿರು ಬಾಯಿಗೆ ಬರುವುದೇ ಗುರುತೆಂದನು. ನನ್ನ ಊರಿನ ಹೆಸರನ್ನು ಕೇಳಿದ ಆ ಹುಡುಗನ ಪರೀಕ್ಷೆಯೂ ಇದೇ. ಮಾತಾಡಲು ಆಗುವಷ್ಟು ಮಾತ್ರ ಶ್ರಮ ಪಡಬೇಕೆಂಬುದು ಇಂದಿನ ತರಬೇತಿಯಲ್ಲಿಯೂ ರೂಢವಾದ ನಿಯಮ. ಅಮೆರಿಕದ ವೈದ್ಯ ತಾಮಸ್ ಡಿಲಾರ್ಮ್ ಎಂಬವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಭಾರವೆತ್ತುವ ಚಿಕಿತ್ಸೆಯನ್ನು ರೂಪಿಸಿದರಷ್ಟೆ. ಅವರು ಹಿಡಿದ ಅಳತೆಯು, ಆ ರೋಗಿಯು ಹತ್ತು ಬಾರಿ ಎತ್ತಬಲ್ಲ, ಹನ್ನೊಂದನೆಯ ಬಾರಿಗೆ ಎತ್ತಲಾರದ ಭಾರ. ಆ ಅಳತೆಯನ್ನು ಅವನಿಂದ ಎತ್ತಿಸಿ ನೋಡಿಯೇ ತಿಳಿಯಬೇಕು. 220ರಲ್ಲಿ ವಯಸ್ಸನ್ನು ಕಳೆಯುವ ಸೂತ್ರವಾದರೋ 1971ರ ಒಂದು ಲೇಖನದಿಂದ ಪ್ರಚಾರಕ್ಕೆ ಬಂದ ಸ್ಥೂಲವಾದ ಅಂದಾಜು. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳ ಹೆಚ್ಚುಕಡಮೆಯು ಸಾಮಾನ್ಯ. ಪಟ್ಟಿಯು ‘ಇಂಥವರಿಗೆ’ ಎಂದು ಹೇಳಬಲ್ಲುದು. ‘ಇವರಿಗೆ, ಇಂದು’ ಎಂದು ಹೇಳಬೇಕಾದವನು ಎದುರಿಗೆ ನಿಂತ ಶಿಕ್ಷಕನು.

ಹೀಗಿರಲು ನನ್ನ ಅಲ್ಪಮತಿಗೆ ತೋರಿದ ನಿರ್ಣಯವು ಇಷ್ಟು. ಯಂತ್ರದಿಂದ ಪಟ್ಟಿಯನ್ನು ಬರೆಯಿಸಿಕೊಳ್ಳುವುದು ಅಧರ್ಮವಲ್ಲ. ನಾನೂ ಅಮರಕೋಶವನ್ನು ರಚಿಸಿದವನಲ್ಲ. ಆದರೂ ಅದನ್ನು ಬೋಧಿಸಿ ಸಂಬಳವನ್ನು ಪಡೆದೆನು. ಆದರೆ ಯಂತ್ರದ ಸಹಾಯವನ್ನು ಪಡೆದಿರುವೆನೆಂದು ಶಿಕ್ಷಕನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಪಟ್ಟಿಯ ಪ್ರತಿಯೊಂದು ಸಾಲಿಗೂ ‘ಇದು ಏತಕ್ಕೆ’ ಎಂದು ಕೇಳಿದರೆ ಉತ್ತರ ಹೇಳಬಲ್ಲವನಾಗಿರಬೇಕು. ಹೇಳಲಾಗದ ಸಾಲನ್ನು ಹೊಡೆದುಹಾಕಬೇಕು. ತಪ್ಪಾದರೆ ತನ್ನದೆನ್ನಬೇಕು.

ಇದಕ್ಕಿಂತಲೂ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ಹಿಂದೆ ಗಂಟೆಗಟ್ಟಲೆ ಕುಳಿತು ಬರೆಯುತ್ತಿದ್ದ ಪಟ್ಟಿಯು ಈಗ ಕ್ಷಣಮಾತ್ರದಲ್ಲಿ ಸಿದ್ಧವಾಗುವುದಷ್ಟೆ. ಉಳಿದ ಆ ಕಾಲವು ಯಾರಿಗೆ ಸೇರತಕ್ಕದ್ದು? ಅದನ್ನು ಶಿಷ್ಯನ ಪಕ್ಕದಲ್ಲಿ ನಿಂತು ಅವನ ಬೆನ್ನು ಬಾಗಿತೆ, ಉಸಿರು ಕಟ್ಟಿತೆ, ರಾತ್ರಿ ನಿದ್ರೆ ಬಂದಿತೆ ಎಂದು ವಿಚಾರಿಸುವುದರಲ್ಲಿ ಕಳೆದರೆ ಯಂತ್ರವು ಗುರುವಿಗೆ ಸೇವಕನಾಯಿತು. ಅದೇ ಕಾಲದಲ್ಲಿ ಇನ್ನೂ ನಲವತ್ತು ಮಂದಿಯನ್ನು ಸೇರಿಸಿಕೊಂಡು ಯಾರ ಮುಖವನ್ನೂ ನೋಡದೆ ಹೋದರೆ, ಗುರುವೇ ಯಂತ್ರದ ಹಾಳೆಯನ್ನು ಹಂಚುವ ಸೇವಕನಾದನು. ಈ ಎರಡರಲ್ಲಿ ಯಾವುದಾಗುವುದೆಂಬುದನ್ನು ಯಂತ್ರವು ನಿಶ್ಚಯಿಸುವುದಿಲ್ಲ. ಜಿಮ್ಮಿನ ಯಜಮಾನನ ಲೋಭವೂ, ಕಡಮೆ ಹಣಕ್ಕೆ ಹೆಚ್ಚು ಬಯಸುವ ನಮ್ಮ ಲೋಭವೂ ಅದನ್ನು ನಿಶ್ಚಯಿಸುವುವು.

ನಾನು ಈಗಲೂ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತಿರುವೆನು. ನನ್ನ ಪಟ್ಟಿಯಲ್ಲಿ ನಾಡಿಯ ಸಂಖ್ಯೆಯಿದ್ದ ಸಾಲನ್ನು ಆ ಹುಡುಗನು ಅಂದೇ ಹೊಡೆದುಹಾಕಿ, ಅದರ ಪಕ್ಕದಲ್ಲಿ ಪೆನ್ಸಿಲಿನಿಂದ, ‘ಮಾತಾಡುತ್ತ ನಡೆಯುವುದು’ ಎಂದು ಬರೆದಿರುವನು. ಈಚೆಗೆ ನಾನು ನಡೆಯುವಾಗ ಅವನು ಬಳಿಯಲ್ಲಿ ನಿಂತು ಏನನ್ನಾದರೂ ಕೇಳುವನು, ನಾನು ಉತ್ತರಿಸುವೆನು. ಹೋದ ವಾರ ಅವನಿಗೆ 1991ರ ಆ ಸಂಗತಿಯನ್ನು ಹೇಳಿದೆನು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗ ಈಗ ಎಲ್ಲಿದ್ದಾನೆ ಸಾರ್?” ಎಂದನು. ನನಗೆ ತಿಳಿಯದು, ಮೂವತ್ತು ವರ್ಷಗಳಿಗೂ ಮೇಲೆ ನಾನು ವಿಚಾರಿಸಿರಲಿಲ್ಲ. ಈಗ ವಿಚಾರಿಸುತ್ತಿರುವೆನು.